ಕಿಟಕಿ ಪಕ್ಕದ ಮೇಜಿನ ಮೈಕು

ಬೆಳಕು ಹರಿಯುವ ಮೊದಲೇ ಮೈಕಣ್ಣ ಕಾಲೇಜಿನ ಸಭಾಂಗಣದಲ್ಲಿ ಮೇಜುಗಳ ಕೆಳಗೆ ತೂರಿಕೊಂಡು ವೈರು ಎಳೆಯುತ್ತಿದ್ದಾರೆ. ಹಿಂದಿನಿಂದ ಹೆಂಡತಿ ಸುರುಳಿ ಬಿಚ್ಚಿ ಕೊಡುತ್ತಾರೆ. ಪ್ರತಿ ಮೇಜಿನ ಮೇಲೂ ಒಂದು ದೇಶದ ಫಲಕ, ಪುಟ್ಟ ಬಾವುಟ, ಒಂದು ಮೈಕು. ಇನ್ನು ಸ್ವಲ್ಪ ಹೊತ್ತಿಗೆ ಕೋಟು ಏರಿಸಿಕೊಂಡ ವಿದ್ಯಾರ್ಥಿಗಳು ಆ ದೇಶಗಳ ರಾಯಭಾರಿಗಳಾಗಿ ಬಂದು ಕೂತು, ವಿಶ್ವಸಂಸ್ಥೆಯ ಮಾದರಿಯಲ್ಲಿ ಸಂಜೆವರೆಗೆ ವಾದ ಮಾಡುತ್ತಾರೆ.

ಕಿಟಕಿ ಪಕ್ಕದ ಮೇಜಿಗೆ ಬಂದಾಗ ಮೈಕಣ್ಣನ ಕೈ ನಿಲ್ಲುತ್ತದೆ. ಅಲ್ಲೊಂದು ದ್ವೀಪದೇಶದ ಫಲಕವಿದೆ.

“ಇದನ್ನ ನೀನೇ ಹಾಕು,” ಎನ್ನುತ್ತಾರೆ ಹೆಂಡತಿಗೆ. “ಹೋದ ವರ್ಷದ್ದು ನೆನಪಿದೆಯಲ್ಲ.”

ಮದುವೆ, ಸಭೆ, ಚುನಾವಣೆ ಭಾಷಣ ಎಂದು ಊರೆಲ್ಲ ಮೈಕು ಕಟ್ಟಿಯೇ ತಲೆ ನೆರೆತ ಮನುಷ್ಯ ಇವರು. ಎಂಥ ಪುಢಾರಿಗೂ ಹೆದರಿದವರಲ್ಲ. ಈ ಮಕ್ಕಳ ಸಭೆಗೆ ಮಾತ್ರ ಹೆದರುತ್ತಾರೆ. ಅಧ್ಯಕ್ಷರು ದೇಶದ ಹೆಸರು ಕೂಗಿದ ಕೂಡಲೇ ಮೂಲೆಯಲ್ಲಿ ಕೂತ ಮೈಕಣ್ಣ ಆ ಮೇಜಿನ ಮೈಕು ತೆರೆಯಬೇಕು, ಮಾತು ಮುಗಿದ ಕೂಡಲೇ ಮುಚ್ಚಬೇಕು.

ಕಳೆದ ವರ್ಷ ಪರೀಕ್ಷಿಸಲೆಂದು ತೆರೆದ ಒಂದು ಮೈಕನ್ನು ಮುಚ್ಚಲು ಮರೆತರು. ಸರದಿಗೆ ಕಾಯುತ್ತಿದ್ದ ದ್ವೀಪದೇಶದ ಹುಡುಗಿ ಗೆಳತಿಯ ಕಿವಿಯಲ್ಲಿ, “ಭಯ ಆಗ್ತಿದೆ ಕಣೇ, ವಾಂತಿ ಬರೋ ಹಾಗಿದೆ” ಅಂದದ್ದು ಸಭೆಗೆಲ್ಲ ಕೇಳಿಸಿತು. ಅಧ್ಯಕ್ಷನಾಗಿದ್ದ ಹುಡುಗ, “ಇಡೀ ದೇಶಕ್ಕೇ ವಾಂತಿಯಾ?” ಅಂದ. ನಗು ನಿಲ್ಲಲೇ ಇಲ್ಲ. ಹುಡುಗಿ ಬ್ಯಾಗು ಬಿಟ್ಟು ಓಡಿಹೋದಳು. ಇನ್ನೊಂದು ಸಲ ಎಡವಟ್ಟಾದರೆ ಬೇರೆಯವರನ್ನು ಕರೆಸುತ್ತೇವೆ ಎಂದು ಮೇಲ್ವಿಚಾರಕಿ ಮೇಡಂ ಆಗಲೇ ಎಚ್ಚರಿಸಿದ್ದರು.

ಈಗ ಅದೇ ಹುಡುಗಿ ಬಂದು ಅದೇ ಮೇಜಿನಲ್ಲಿ ಕೂರುತ್ತಾಳೆ. ಕೂತದ್ದೇ ಮೈಕನ್ನು ಅಂಗೈಯಿಂದ ಮುಚ್ಚಿ ಹಿಡಿಯುತ್ತಾಳೆ. ನೋಡಿದ ಮೈಕಣ್ಣ ಆ ಮೈಕು ಮುಚ್ಚಿದೆಯೇ ಎಂದು ಮತ್ತೊಮ್ಮೆ ಪರೀಕ್ಷಿಸುತ್ತಾರೆ.

ದ್ವೀಪದೇಶದ ಸರದಿ ಬರುತ್ತದೆ. ಮೈಕು ತೆರೆದರೆ ಮಾತಿಲ್ಲ, ಸ್ಪೀಕರಿನ ತುಂಬ ನಡುಗುವ ಉಸಿರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆನ್ನುತ್ತಾರೆ. ಮೈಕಣ್ಣ ತಟ್ಟನೆ ಮುಚ್ಚಿ ಎದ್ದು ನಿಲ್ಲುತ್ತಾರೆ. ಮೈಕು ಕೈಕೊಟ್ಟಿದೆ, ಸ್ವಲ್ಪ ತಡೀರಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಮೇಡಂ ಕಣ್ಣು ಕೆಂಪಗಾದದ್ದನ್ನು ಕಂಡೂ ಕಾಣದವರಂತೆ ಹೋಗಿ ಆ ಮೇಜಿನ ಕೆಳಗೆ ಕೂರುತ್ತಾರೆ.

“ಮೈಕು ಚೆನ್ನಾಗೇ ಇದೆ ಮಗಳೇ, ನಾನೇ ಮುಚ್ಚಿದೀನಿ,” ಎನ್ನುತ್ತಾರೆ ಮೆಲ್ಲಗೆ. “ಯಾರಿಗೂ ಏನೂ ಕೇಳ್ಸಲ್ಲ. ಉಸಿರಾಡ್ಕೋ. ಆಮೇಲೆ ಬಾವುಟ ಪಕ್ಕಕ್ಕೆ ಸರಿಸು, ಮೈಕು ತೆರೀತೀನಿ.”

ಹುಡುಗಿ ನಂಬುವುದಿಲ್ಲ. ಉಗುರಿನಿಂದ ಮೈಕನ್ನು ಕುಟ್ಟಿ ನೋಡುತ್ತಾಳೆ. ಸದ್ದಿಲ್ಲ.

ಮೂಲೆಗೆ ಮರಳಿದ ಮೈಕಣ್ಣ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಾರೆ. ಸಭೆಯಲ್ಲಿ ಗುಸುಗುಸು ಏಳುತ್ತದೆ. ಮುಂದಿನ ದೇಶವನ್ನು ಕರೆಯಲು ಈ ಸಲದ ಅಧ್ಯಕ್ಷೆ ಮೇಜು ಕುಟ್ಟುವ ಸುತ್ತಿಗೆ ಎತ್ತುತ್ತಾಳೆ. ಈ ಮಗು ಇವತ್ತೂ ಎದ್ದು ಓಡಿದರೆ ಆ ಪಾಪ ನನ್ನ ತಲೆಗೇ ಎಂದುಕೊಳ್ಳುತ್ತಾರೆ ಮೈಕಣ್ಣ. ಅಷ್ಟರಲ್ಲಿ ಬಾವುಟ ಸರಿಯುತ್ತದೆ.

“ನಮ್ಮ ದೇಶ ಚಿಕ್ಕದು,” ಎನ್ನುತ್ತದೆ ಒಡೆದ ದನಿ. “ಸಮುದ್ರ ಏರಿದರೆ ಮೊದಲು ಮುಳುಗುವವರು ನಾವು. ನಮಗೆ ಭಯವಿದೆ. ಅದಕ್ಕೇ ಮಾತಾಡುತ್ತಿದ್ದೇವೆ.”

ಯಾರೂ ನಗುವುದಿಲ್ಲ.

ಸಂಜೆ ಮೇಡಂ ಮುಂದಿನ ವರ್ಷ ನೀವು ಬೇಡ ಎಂದಾಗ ಮೈಕಣ್ಣ ತಪ್ಪು ತಮ್ಮದೇ ಎಂದು ಒಪ್ಪಿಕೊಳ್ಳುತ್ತಾರೆ. ನಿಜ ಹೇಳಿದ್ದರೆ ಬಾಯಿ ಸವೆಯುತ್ತಿತ್ತಾ ಎಂದು ಹೆಂಡತಿ ಗೊಣಗುತ್ತಾರೆ. ಆ ಮಗುವಿನ ಭಯವನ್ನು ಎರಡನೇ ಸಲ ಊರಿಗೆ ಸಾರಲೇ ಎಂಬುದು ಮೈಕಣ್ಣನ ಉತ್ತರ. ನಮ್ಮ ಪತ್ರಿಕೆಗೆ ಇದನ್ನೆಲ್ಲ ಹೇಳಿದ್ದು ಕೂಡ ಇವರಲ್ಲ. ಬರೆಯಲೇಬೇಕು ಎಂದು ಪಟ್ಟು ಹಿಡಿದವಳು ಆ ಹುಡುಗಿ.

ನಿಮ್ಮ ಆಸೆ ಏನು ಎಂದು ನಾವು ಕೇಳಿದರೆ ಮೈಕಣ್ಣ ವೈರು ಸುತ್ತುತ್ತಲೇ ಯೋಚಿಸುತ್ತಾರೆ.

“ಮುಂದಿನ ಸಲ ಬರೋ ಮೈಕಿನವನು ಯಾರೋ ಏನೋ. ಅವನು ಸಿಕ್ಕಿದ್ರೆ ಸಾಕು. ಕಿಟಕಿ ಪಕ್ಕದ ಮೇಜು ತೋರಿಸಿ, ಅವಸರ ಮಾಡ್ಬೇಡಪ್ಪ, ಬಾವುಟ ಸರಿಯೋವರೆಗೂ ಕಾಯಿ ಅಂತ ಹೇಳಿ ಬರ್ತೀನಿ.”