ಫ್ರೀ ಇದ್ರ ಬರ್ರಿ

ಹೊಲಿಗೆ ಮಷಿನ್ನಿನ ಮುಂದೆ ಕೂತ ನನಗೆ ಬಸವಕಲ್ಯಾಣದ ಹೆಂಗಸರ ಬಾಯಿಂದ ದಿನಾ ಕೇಳುವ ಇಂಗ್ಲಿಷ್ ಮಾತೆಂದರೆ ಫ್ರೀ. 'ತೋಳು ಸ್ವಲ್ಪ ಫ್ರೀ ಇರ್ಲಿ' ಅಂದರೆ ಸಡಿಲ ಇರಲಿ ಎಂದು. ಅದೇ ಬಾಯಿ ಸೀರೆ ಮುಂದಿಟ್ಟು 'ಫಾಲ್ ಹಚ್ಚೋದು ಫ್ರೀ ಏನ್ರಿ?' ಅಂದರೆ ಪುಕ್ಕಟೆಯಾ ಎಂದು. ಪಕ್ಕದ ಮನೆಯ ಆಪಾ ಬಾಗಿಲಲ್ಲಿ ನಿಂತು 'ಫ್ರೀ ಇದ್ದೀರೇನು?' ಎಂದು ಕೇಳುತ್ತಾಳೆ, ನಾನು ಬಾಯಿ ತೆರೆಯುವ ಮೊದಲೇ ಒಳಗೆ ಬಂದು ಕೂತಿರುತ್ತಾಳೆ. ಒಮ್ಮೆ ಡಾಕ್ಟರು ನಮ್ಮವ್ವನಿಗೆ 'ಮೋಷನ್ ಫ್ರೀ ಆಗ್ತದೇನಮ್ಮಾ?' ಅಂದರು. ಇದಕ್ಕೂ ದುಡ್ಡು ಕೊಡುವವರಿದ್ದಾರಾ ಎಂಬಂತೆ ಅವ್ವ ನನ್ನ ಮುಖ ನೋಡಿದಳು.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಗೇ ಇದ್ದಾಳೆ. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದ ಕೆಲವು ದಿನಕ್ಕೆ ಅವಳಿಗೊಂದು ಹೊಸ ಚಟ ಹತ್ತಿತು. ಗುರುವಾರ ಬಂತೆಂದರೆ ಜಳಕ ಮಾಡಿ, ಇಸ್ತ್ರಿ ಸೀರೆ ಉಟ್ಟು, ಆಧಾರ್ ಕಾರ್ಡನ್ನು ಎಲೆ-ಅಡಿಕೆ ಚೀಲದಲ್ಲಿಟ್ಟುಕೊಂಡು ಹುಮನಾಬಾದಿನ ಬಸ್ಸು ಹತ್ತುವುದು, ಸಂಜೆಗೆ ವಾಪಸು ಬರುವುದು. ಸಂತೆಯಿಲ್ಲ, ದವಾಖಾನೆಯಿಲ್ಲ. ಚೀಲ ಹೋದಂತೆಯೇ ಬರುತ್ತಿತ್ತು.

"ಎಲ್ಲಿಗಿ ಹೋಗ್ತಿಯವ್ವ ನೀ?" ಅಂದರೆ ಒಂದೇ ಉತ್ತರ. "ಬಸ್ಸು ಫ್ರೀ ಅದಲ್ಲ."

ಫ್ರೀ ಇದ್ದರೆ ಹೋಗಬೇಕೇನು? ನನಗೆ ತಲೆಬುಡ ತಿಳಿಯಲಿಲ್ಲ. ಅವಳ ತವರು ಹುಮನಾಬಾದೇ, ನಿಜ. ಬಸ್‌ಸ್ಟ್ಯಾಂಡಿನಿಂದ ನಡೆದರೆ ಕಾಲು ನೋಯುವಷ್ಟೂ ದೂರವಿಲ್ಲ. ಆದರೆ ತಮ್ಮನ ಮಗನ ಲಗ್ನವಾದ ಮೇಲೆ ಅವ್ವ ಆ ಓಣಿಯನ್ನೇ ತುಳಿದಿಲ್ಲ. ಲಗ್ನಕ್ಕೆ ಕರೆಯಲು ಮಾಮಾನ ಮನೆಯಿಂದ ಯಾರೂ ಬರಲಿಲ್ಲ. ಮನೆಯ ಹೆಣ್ಣುಮಗಳನ್ನು ಖುದ್ದಾಗಿ ಬಂದು, ಕುಂಕುಮ ಹಚ್ಚಿ, ಕೈಯಲ್ಲಿ ಅಕ್ಷತೆ ಕೊಟ್ಟು ಕರೆಯಬೇಕು. ಅವರು ಮೊಬೈಲಿಗೆ ಲಗ್ನಪತ್ರಿಕೆಯ ಫೋಟೋ ಕಳಿಸಿದರು, ಅದರ ಹಿಂದೆಯೇ ಮಾಮಿ ಫೋನು ಮಾಡಿ, "ಫ್ರೀ ಇದ್ರ ಬರ್ರಿ ಅಕ್ಕಾ" ಅಂದಳು.

ಅವ್ವ ಫೋನಿಟ್ಟು ಗೋಡೆಗೆ ಒರಗಿದಳು. "ಫ್ರೀ ಇದ್ರ ಬರ್ಬೇಕಂತ. ಹೆಣ್ಮಗಳಿಗಿ ಹಿಂಗ ಕರೀತಾರೇನು?" ಮಾಮಿ ಅದನ್ನು ಸೊಕ್ಕಿನಿಂದ ಹೇಳಿದಳೋ, ಈಗಿನವರು ಎಲ್ಲರಿಗೂ ಹೇಳುವಂತೆ ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವ್ವ ಲಗ್ನಕ್ಕೆ ಹೋಗಲಿಲ್ಲ. ಆಮೇಲೆ ಪಂಚಮಿಗೆ ಕರೆಯಲೂ ತಮ್ಮ ಬರಲಿಲ್ಲ. ಕರೆಯದೆ ತವರಿನ ಹೊಸ್ತಿಲು ದಾಟುವ ಹೆಂಗಸಲ್ಲ ನಮ್ಮವ್ವ.

ಹಾಗಾಗಿ ಈ ಗುರುವಾರಗಳನ್ನು ನೋಡಿ ನಾನು ಬೇರೆಯೇ ಲೆಕ್ಕ ಹಾಕಿದೆ. ಅಕ್ಕ-ತಮ್ಮ ಒಳಗೊಳಗೇ ಒಂದಾಗಿದ್ದಾರೆ, ನನಗೆ ಹೇಳಲು ಸಂಕೋಚ ಅಷ್ಟೇ ಎಂದುಕೊಂಡೆ. ಖುಷಿಯೂ ಆಯಿತು, ನನ್ನಿಂದ ಮುಚ್ಚಿಟ್ಟಳಲ್ಲ ಎಂದು ಸಿಟ್ಟೂ ಬಂತು.

ಆ ಲೆಕ್ಕವನ್ನು ಆಪಾ ಕೆಡಿಸಿದಳು. ಒಂದು ಮಧ್ಯಾಹ್ನ ಬಂದವಳೇ, "ನಿಮ್ಮ ಅಮ್ಮಾಗ ಹುಮನಾಬಾದ್ ಬಸ್‌ಸ್ಟ್ಯಾಂಡಿನ್ಯಾಗ ನೋಡಿದೆ. ಹೋಗೋವಾಗೂ ಅದೇ ಬೆಂಚ್, ಬರೋವಾಗೂ ಅದೇ ಬೆಂಚ್. ತಬಿಯತ್ ಬರಾಬರ್ ಅದ ಇಲ್ಲ?" ಅಂದಳು. ನನ್ನ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು.

ಮುಂದಿನ ಗುರುವಾರ ಕತ್ತರಿ ಕೆಳಗಿಟ್ಟು ನಾನೂ ಹೊರಟೆ. ಅವ್ವ ಬೇಡವೆನ್ನಲಿಲ್ಲ. ದಾರಿಯಲ್ಲಿ ರಾಜೇಶ್ವರ ಎಂಬ ಊರು ದಾಟುತ್ತಲೇ ಅವಳು ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದಳು. ಹುಮನಾಬಾದಿನಲ್ಲಿ ಇಳಿದು ನೇರ ಒಂದು ಬೆಂಚಿಗೆ ಹೋಗಿ ಕೂತಳು. ಚಾ ತರಿಸಿದಳು. ಅಲ್ಲಿ ಹೋಗಿಬರುವವರ ಮಾತು ಕೇಳುತ್ತ, ಒಬ್ಬ ಮುದುಕಿಯನ್ನು ನಿಲ್ಲಿಸಿ 'ನೀ ಇಂಥವರ ಸೊಸಿ ಅಲ್ಲೇನವ್ವ' ಎಂದು ವಿಚಾರಿಸುತ್ತ, ತನ್ನಷ್ಟಕ್ಕೆ ನಗುತ್ತ ಕೂತಳು. ಬಸವಕಲ್ಯಾಣದಲ್ಲಿ ಅವಳ ಮುಖ ಅಷ್ಟು ಹಗುರಾಗಿದ್ದನ್ನು ನಾನು ನೋಡಿಯೇ ಇಲ್ಲ.

"ಇಲ್ಲಿತನಕ ಬಂದೀವಿ, ಮನಿಗಿ ಹೋಗಿಬರೋಣ ನಡಿ," ಅಂದೆ.

"ಕರಿಯಾಕ ಯಾರರ ಬಂದಾರೇನು?"

"ಮತ್ತ ಇಲ್ಲಿಗ್ಯಾಕ ಬರ್ತಿ?"

"ಬಸ್‌ಸ್ಟ್ಯಾಂಡಿಗಿ ಬರಾಕ ಯಾರು ಕರೀಬೇಕು?"

ಕರೆಯಿಲ್ಲದ ಹೆಣ್ಣುಮಗಳು ಮಾನ ಕಳೆದುಕೊಳ್ಳದೆ ತವರಿಗೆ ಎಷ್ಟು ಹತ್ತಿರ ಬರಬಹುದೋ ಅಷ್ಟು ಹತ್ತಿರ ಬಂದು ಅವಳು ಕೂತಿದ್ದಳು. ನನಗೆ ಮಾಮಾನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ನೀರಿನ ಬಾಟಲಿ ತರುತ್ತೇನೆಂದು ಆಚೆ ಹೋಗಿ ಅವನಿಗೆ ಫೋನು ಹಚ್ಚಿದೆ. "ನಿಮ್ಮಕ್ಕ ವಾರಾ ವಾರಾ ಬಂದು ಬಸ್‌ಸ್ಟ್ಯಾಂಡಿನ್ಯಾಗ ಕುಂತು ಹೋಗ್ತಾಳ ಮಾಮಾ. ನಿಮಗ ಗೊತ್ತದೇನು?" ಅಂದೆ. ಸ್ವಲ್ಪ ಹೊತ್ತಿಗೆ ಸ್ಕೂಟರಿನ ಮೇಲೆ ಬಂದೇ ಬಿಟ್ಟ. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದ, ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ನಡಿ ಅಕ್ಕಾ, ಮನಿಗಿ," ಅಂದ.

ಅವ್ವ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಈಗ ಎದ್ದೇಳುತ್ತಾಳೆ ಎಂದು ನಾನು ಅವಳ ಚೀಲ ಕೈಗೆತ್ತಿಕೊಂಡೆ. ಅವಳು ಮಾಡಿದ್ದು ಇಷ್ಟೇ, ಕೈ ಚಾಚಿ ಅವನ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದಳು.

"ಹಿಂಗ ಹಾದ್ಯಾಗ ಸಿಕ್ಕಾಕಿಗಿ ಕರದಂಗ ಕರಿಬ್ಯಾಡ ತಮ್ಮಾ. ಕಲ್ಯಾಣಕ ಬಾ. ಮನಿಗಿ ಬಂದು ಕರಿ, ನಿನ್ನ ಹಿಂದೇ ಬರ್ತೀನಿ."

ಮಾಮಾ ತಲೆ ಕೆರೆದುಕೊಂಡ. ಕಣ್ಣು ಒದ್ದೆಯಾಗಿತ್ತು, ಸುಳ್ಳು ಹೇಳಬಾರದು. "ಬರ್ತೀನಕ್ಕಾ. ಸ್ವಲ್ಪ ಫ್ರೀ ಆಗ್ಲಿ, ಬಂದೇ ಬರ್ತೀನಿ," ಅಂದ.

ಆ ಫ್ರೀ ಯಾವುದು? ಕೈಯ ಕೆಲಸ ಮುಗಿಯಲಿ ಎಂದೋ, ಮನೆಯಲ್ಲಿ ಮಾಮಿಯನ್ನು ಒಪ್ಪಿಸಬೇಕೆಂದೋ, ಸುಮ್ಮನೆ ಮಾತು ಮುಗಿಸಲೆಂದೋ? ವಾಪಸು ಬರುವ ಬಸ್ಸಿನಲ್ಲಿ ಅದನ್ನೇ ತಿರುವಿ ತಿರುವಿ ನೋಡಿದೆ, ಬಗೆಹರಿಯಲಿಲ್ಲ. ಅವ್ವನಿಗೆ ಮಾತ್ರ ಗೊಂದಲವೇ ಇರಲಿಲ್ಲ. ಪಕ್ಕದ ಸೀಟಿನ ಅಪರಿಚಿತಳಿಗೆ, "ನಮ್ಮ ತಮ್ಮ ಕರಿಯಾಕ ಬರಾವನಿದ್ದಾನ," ಎಂದು ಹೇಳುತ್ತಿದ್ದಳು.

ಮರು ಗುರುವಾರ ಅವ್ವ ಜಳಕ ಮಾಡಿದಳು, ಇಸ್ತ್ರಿ ಸೀರೆ ಉಟ್ಟಳು, ಬಾಗಿಲ ಬಳಿ ಕೂತಳು. ಆಧಾರ್ ಕಾರ್ಡು ಗೋಡೆಯ ಗೂಡಿನಲ್ಲೇ ಇತ್ತು.

"ಬಸ್ಸಿಗಿ ಹೊತ್ತಾತಲ್ಲ, ಹೋಗಂಗಿಲ್ಲೇನು?"

"ಹ್ಯಾಂಗ ಹೋಗ್ಲಿ? ನಾ ಅಲ್ಲಿ ಬೆಂಚಿನ ಮ್ಯಾಲ ಕುಂತಾಗ ಅವ ಇಲ್ಲಿಗಿ ಬಂದು ಹೋದ್ರ?"

ಅವಳು ಆಮೇಲೆ ಹುಮನಾಬಾದಿನ ಬಸ್ಸು ಹತ್ತಿಲ್ಲ. ಮಾಮಾ ಇನ್ನೂ ಬಂದಿಲ್ಲ. ನಾನು ಫೋನು ಮಾಡಿ ಒಳ್ಳೆಯದು ಮಾಡಿದೆನೋ, ಇದ್ದ ಒಂದು ಬೆಂಚನ್ನೂ ಅವಳಿಂದ ಕಸಿದುಕೊಂಡೆನೋ ತಿಳಿಯದೆ ಒದ್ದಾಡುತ್ತೇನೆ. ಗುರುವಾರ ಒಲೆಯ ಮುಂದೆ ಕೂತಾಗ ಬಾಗಿಲ ಕಡೆಯಿಂದ ಅವ್ವನ ದನಿ ಬರುತ್ತದೆ.

"ಬ್ಯಾಳಿ ಇನ್ನೊಂದು ಮುಟಗಿ ಹಾಕವ್ವ. ಕರಿಯಾಕ ಬಂದಾವನಿಗಿ ಉಣಿಸದೆ ಕಳಸಾಕ ಬರ್ತದೇನು?"

ಹಾಕುತ್ತೇನೆ.