ಬಿಳಿ ಟೈಲ್ಸ್ ಮೇಲಿನ ಎಡಗಾಲು

ನನಗೆ ಮುಖಗಳು ನೆನಪಿರುವುದಿಲ್ಲ, ಕಾಲುಗಳು ನೆನಪಿರುತ್ತವೆ. ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ "ಚೆನ್ನಾಗಿದೀರಾ ಅಕ್ಕಾ" ಎಂದರೆ ಮೊದಲು ನೆಲ ನೋಡುತ್ತೇನೆ, ಆಮೇಲೆ "ಓ, ನೀವಾ" ಎನ್ನುತ್ತೇನೆ. ಊರ ಹೊರಗಿನ ಒಂದು ಕ್ರೈಸ್ತ ಸೇವಾಸಂಸ್ಥೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ ಅದೊಂದೇ. ಕುಷ್ಠ ವಾಸಿಯಾದರೂ ಕೆಲವರಿಗೆ ಪಾದದ ಸ್ಪರ್ಶ ಮರಳಿ ಬರುವುದಿಲ್ಲ. ಅಂಥ ಕಾಲುಗಳನ್ನು ನೀರಿನಲ್ಲಿ ನೆನೆಸುವುದು, ದಡ್ಡುಗಟ್ಟಿದ ಚರ್ಮ ಕೆರೆಯುವುದು, ಎಣ್ಣೆ ಹಚ್ಚುವುದು, ಹುಣ್ಣಾಗಿದ್ದರೆ ಪಟ್ಟಿ ಕಟ್ಟುವುದು. ಮುಳಬಾಗಿಲಿನ ಶಾನುಭೋಗರ ಮನೆ ಹುಡುಗಿ ಇಂಥ ಕೆಲಸಕ್ಕೆ ಸೇರಿದಳೆಂದು ನಮ್ಮಜ್ಜಿ ಇರುವ ತನಕ ನನ್ನನ್ನು ಹಿತ್ತಲ ಬಾಗಿಲಿನಿಂದಲೇ ಒಳಗೆ ಬಿಟ್ಟುಕೊಂಡರು, ಅದೂ ತಲೆಗೆ ನೀರು ಸುರಿದುಕೊಂಡ ಮೇಲೆ. ನಾನೂ ಹಟಮಾರಿ. ಒಂದು ದಿನವೂ ಕೆಲಸ ಬಿಡುತ್ತೇನೆ ಎನ್ನಲಿಲ್ಲ.

ಈಗ ಹೇಳಹೊರಟಿರುವುದು ಮೂರು ವರ್ಷದ ಹಿಂದಿನ ಮಾತು. ವೇಮಗಲ್ ಕಡೆಯ ಯಾವುದೋ ಕಾರ್ಖಾನೆಯವರು ದಾನವಾಗಿ ಕೊಟ್ಟರೆಂದು ನಮ್ಮ ಉದ್ದನೆಯ ಪಡಸಾಲೆಗೆ ಬಿಳಿ ಟೈಲ್ಸ್ ಹಾಕಿಸಿದ್ದರು. ಅಲ್ಲಿಯವರೆಗೆ ಇದ್ದದ್ದು ಕೆಂಪು ಗಾರೆಯ ನೆಲ. ಪಡಸಾಲೆಯ ಒಂದು ತುದಿಗೆ ಪ್ರಾರ್ಥನಾ ಮಂದಿರ, ಇನ್ನೊಂದು ತುದಿಗೆ ಯಾರೂ ಬಳಸದ ಹಳೆಯ ಹೆಂಗಸರ ವಾರ್ಡು. ಒಂದು ಶುಕ್ರವಾರ ಬೆಳಗಿನ ಪ್ರಾರ್ಥನೆ ಮುಗಿಸಿ, ಅಡುಗೆಮನೆ ಹತ್ತಿರ ಕಾಫಿ ಕುಡಿದು ವಾಪಸು ಬಂದರೆ, ಆ ಹೊಸ ಬಿಳಿ ನೆಲದ ಮೇಲೆ ಕಂದುಗೆಂಪು ಕಲೆಗಳು. ಒಂದೇ ಕಾಲಿನವು, ಎಡಗಾಲಿನವು. ಮಂದಿರದಿಂದ ಹೊರಟು ವಾರ್ಡಿನ ಬಾಗಿಲವರೆಗೆ ಹೋಗಿದ್ದವು. ವಾಪಸು ಬಂದ ಗುರುತಿರಲಿಲ್ಲ. ಬಾಗಿಲು ತಳ್ಳಿ ನೋಡಿದೆ, ಹಳೆಯ ಕಾಲದ ಒಳಬೀಗ ಬಿದ್ದೇ ಇತ್ತು.

ನೆಲ ಒರೆಸುವ ಬಟ್ಟೆ ಹಿಡಿದು ಬಂದ ನಮ್ಮ ಅಡುಗೆಯವಳು ಅಲ್ಲೇ ನಿಂತುಬಿಟ್ಟಳು. "ದೊರಗಾರು ತಿರುಗುತುನ್ನಾರಕ್ಕಾ," ಎಂದು ತೆಲುಗಿನಲ್ಲಿ ಪಿಸುಗುಟ್ಟಿದಳು. ದೊರೆ ಎಂದರೆ ಈ ಬಂಗಲೆ ಕಟ್ಟಿಸಿದ ಬಿಳಿಯ ಡಾಕ್ಟರು. ಸತ್ತು ಎಷ್ಟೋ ಕಾಲವಾಗಿ, ನಮ್ಮ ಕಾಂಪೌಂಡಿನ ಹುಣಸೆಮರದ ಕೆಳಗೇ ಮಣ್ಣಾಗಿದ್ದಾರೆ. ನಾನು ಅವಳನ್ನು ಗದರಿಸಿ ನೆಲ ಒರೆಸಿಸಿದೆ. ಮುಂದಿನ ಶುಕ್ರವಾರ ಮತ್ತೆ ಅದೇ ಎಡಗಾಲು, ಅದೇ ಬಾಗಿಲು. ಈ ಸಲ ಬಟ್ಟೆ ತಂದು ನಾನೇ ನೆಲ ಒರೆಸಿದೆ.

ಪಡಸಾಲೆಯಲ್ಲಿ ದೊರೆ ಓಡಾಡುತ್ತಿದ್ದಾರೆ, ಹೆಜ್ಜೆ ಬಿದ್ದಿವೆ ಎಂದಷ್ಟೇ ನಮ್ಮ ಡೈರೆಕ್ಟರ್‌ಗೆ ಹೇಳಿದೆವು. ಅವರು ಕನ್ನಡಕದ ಮೇಲಿಂದ ನೋಡಿ ನಕ್ಕರು. "ಪಾಪ, ದೊರೆಗೆ ವಯಸ್ಸಾಗಿದೆ. ಬರಿಗಾಲಲ್ಲಿ ಓಡಾಡ್ತಾ ಇದಾರೆ ಅನ್ಸುತ್ತೆ. ನಮ್ಮ ಮೆತ್ತನೆ ರಬ್ಬರ್ ಚಪ್ಪಲಿ ಒಂದ್ ಜೊತೆ ಹೊಲಿಸಿಕೊಡಮ್ಮಾ."

ಅವರ ಬಗ್ಗೆ ಎರಡು ಮಾತು ಹೇಳಬೇಕು. ಅವರ ತಾಯಿ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತಿದ್ದಾಕೆ. ಭಟ್ಟಿಯಿಂದ ಆಗಷ್ಟೇ ತೆಗೆದ ಹೆಂಚಿನ ಮೇಲೆ ಬರಿಗಾಲಲ್ಲಿ ನಿಂತು ಪಕ್ಕದವಳೊಡನೆ ಮಾತಾಡುತ್ತಿದ್ದರಂತೆ. ಪಕ್ಕದವಳು ಕಿರುಚಿಕೊಂಡ ಮೇಲೆಯೇ ಕಾಲು ಸುಟ್ಟದ್ದು ಅವರಿಗೆ ಗೊತ್ತಾದದ್ದು. ಗಂಡ ಆಕೆಯನ್ನೂ ನಾಲ್ಕು ವರ್ಷದ ಮಗನನ್ನೂ ನಮ್ಮ ಗೇಟಿನಲ್ಲಿ ಬಿಟ್ಟು ಹೋದ. ಮಗ ಬೋರ್ಡಿಂಗಿನಲ್ಲಿ ಬೆಳೆದ, ತಾಯಿ ಆ ಹೆಂಗಸರ ವಾರ್ಡಿನಲ್ಲಿ ತೀರಿಕೊಂಡರು. ಓದು ಮುಗಿಸಿ ಇಲ್ಲೇ ಗುಮಾಸ್ತನಾಗಿ ಸೇರಿದವರು ತಮಿಳುನಾಡಿಗೆ ಹೋಗಿ ಕಾಲಿನ ಆರೈಕೆಯ ತರಬೇತಿ ಪಡೆದು ಬಂದು, ಕೊನೆಗೆ ಸಂಸ್ಥೆಗೇ ಮುಖ್ಯಸ್ಥರಾದರು. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಅವರ ಕ್ಯಾಂಪ್ ನಡೆಯದ ಶಾಲೆಯ ಅಂಗಳವಿಲ್ಲ. ಸಂಸ್ಥೆಯ ಜೀಪು ಮನೆ ಮುಂದೆ ನಿಂತರೆ ಮಗಳಿಗೆ ಗಂಡು ಸಿಗುವುದಿಲ್ಲ ಎಂದು ಜನ ಅಂಜುತ್ತಿದ್ದರಿಂದ, ಪಕ್ಕದ ಬೀದಿಯಲ್ಲಿ ಇಳಿದು ನಡೆದುಕೊಂಡು ಹೋಗುತ್ತಿದ್ದರು. ನೆಲದ ಮೇಲೆ ಕೂತು ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಬೈಗುಳ ಶುರು: "ಈ ಕಾಲು ನಿಂದಲ್ಲ ಕಣಯ್ಯಾ, ಪಕ್ಕದ ಮನೆ ಎಮ್ಮೆ ಅನ್ಕೋ. ದಿನಾ ಸಾಯಂಕಾಲ ಎಲ್ಲಿ ಮೇಯ್ಕೊಂಡು ಬಂತು, ಏನ್ ಚುಚ್ಚಿಸ್ಕೊಂಡು ಬಂತು ಅಂತ ನೋಡು!" ಜನ ನಗುತ್ತಿದ್ದರು, ಸಾಯಂಕಾಲ ಕಾಲು ನೋಡಿಕೊಳ್ಳುತ್ತಲೂ ಇದ್ದರು. ವಿದೇಶದಿಂದ ಬಂದ ದಾನಿಗಳ ಮುಂದೆ ಕೋಟು ಹಾಕಿಕೊಂಡು ಇಂಗ್ಲಿಷಿನಲ್ಲಿ ಮಾತಾಡುವಾಗ ಅವರು ನನಗೆ ಅಷ್ಟು ಹಿಡಿಸುತ್ತಿರಲಿಲ್ಲ. ನೆಲದ ಮೇಲೆ ಕೂತಾಗ ಮಾತ್ರ ಅವರ ಮೇಲೆ ನನಗೆ ಭಕ್ತಿಯೇ ಇತ್ತು.

ಎರಡನೆಯ ಶುಕ್ರವಾರದ ಮೇಲೆ ನನಗೆ ನಿದ್ದೆ ಕೆಟ್ಟಿತು. ಕಾರಣ ದೊರೆಯಲ್ಲ, ಆ ಹೆಜ್ಜೆ. ನೋವಿರುವವನು ಹುಣ್ಣನ್ನು ನೆಲಕ್ಕೆ ಊರುವುದಿಲ್ಲ. ಹಿಮ್ಮಡಿಯಲ್ಲೋ ಪಾದದ ಅಂಚಿನಲ್ಲೋ ಕುಂಟುತ್ತಾನೆ. ಈ ಕಾಲು ಹೆಬ್ಬೆರಳಿನ ಬುಡದ ಹುಣ್ಣಿನ ಮೇಲೇ ಪೂರ್ತಿ ಭಾರ ಹಾಕಿ, ಒಂದೇ ಅಳತೆಯ ಹೆಜ್ಜೆ ಇಡುತ್ತಾ, ಎಲ್ಲೂ ನಿಲ್ಲದೆ ನಡೆದುಹೋಗಿತ್ತು. ನಮ್ಮಲ್ಲಿರುವ ಮೂವತ್ತೆಂಟು ಜನರ ಎಡಗಾಲನ್ನೂ ಒಂದೊಂದಾಗಿ ಹಿಡಿದು ನೋಡಿದೆ. ಒಂದೂ ಹೊಂದಲಿಲ್ಲ. ಅಂದರೆ ನೋವೇ ಗೊತ್ತಾಗದ, ನನಗೆ ಪರಿಚಯವಿಲ್ಲದ ಒಂದು ಕಾಲು ವಾರಕ್ಕೊಮ್ಮೆ ಹಾಡುಹಗಲೇ ನಮ್ಮ ನಡುವೆ ಓಡಾಡಿ, ಮುಚ್ಚಿದ ಬಾಗಿಲೊಳಗೆ ಹೋಗುತ್ತಿತ್ತು.  ಇನ್ನೊಂದು ಯೋಚನೆ ಅದಕ್ಕಿಂತ ಕೆಟ್ಟದಾಗಿತ್ತು. ಟೈಲ್ಸ್ ಹಾಕಿದ ಮೇಲೆ ನಮಗೆ ಕಂಡಿತು, ಸರಿ. ಕೆಂಪು ಗಾರೆಯ ಮೇಲೆ ಇದು ಎಷ್ಟು ವಾರದಿಂದ ನಡೆದಿತ್ತೋ?

ಮೂರನೆಯ ಶುಕ್ರವಾರ ಅಡುಗೆಯವಳು ಆ ಕಡೆ ಬರಲೇ ಇಲ್ಲ. ನಾನೊಬ್ಬಳೇ ಹೋಗಿ, ಇನ್ನೂ ಹಸಿಯಾಗಿದ್ದ ಒಂದು ಹೆಜ್ಜೆಯ ಮೇಲೆ ಬಿಳಿ ಹಾಳೆ ಒತ್ತಿ ಎತ್ತಿಕೊಂಡೆ. ನಮ್ಮಲ್ಲಿ ಎಲ್ಲರ ಪಾದದ ಅಚ್ಚನ್ನೂ ಶಾಯಿ ಹಚ್ಚಿದ ರಬ್ಬರ್ ಹಾಸಿನಿಂದ ತೆಗೆದು ಇಡುತ್ತೇವೆ, ಯಾವ ಜಾಗಕ್ಕೆ ಹೆಚ್ಚು ಭಾರ ಬೀಳುತ್ತದೆಂದು ತಿಳಿಯಲು. ಬಾಗಿಲು ಹಾಕಿಕೊಂಡು ಆ ಕಡತಗಳನ್ನೆಲ್ಲ ಹರಡಿ ಕೂತೆ. ಬದುಕಿರುವವರದು ನೋಡಿದೆ, ಸತ್ತವರದೂ ನೋಡಿದೆ.  ಮಧ್ಯಾಹ್ನದ ಊಟದ ಗಂಟೆ ಹೊಡೆದಾಗ ಎಲ್ಲಕ್ಕಿಂತ ಹಳೆಯ ಕಡತದ ಮೊದಲ ಹಾಳೆಗೆ ಬಂದಿದ್ದೆ. ಹೆಬ್ಬೆರಳಿಗಿಂತ ಉದ್ದದ ಎರಡನೆಯ ಬೆರಳು, ಒಳಕ್ಕೆ ವಾಲಿದ ಕಿರುಬೆರಳು. ಎರಡೂ ಹಾಳೆ ಕಿಟಕಿಗೆ ಹಿಡಿದೆ. ಒಂದರ ಮೇಲೊಂದು ಸರಿಯಾಗಿ ಕೂತವು. ಹೆಸರಿನ ಜಾಗ ಖಾಲಿ ಇತ್ತು. ಹೆಸರು ಬೇಕಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ, ಅಚ್ಚು ತೆಗೆಯುವುದು ಹೇಗೆಂದು ನನಗೆ ಕಲಿಸಲು, ನಮ್ಮ ಡೈರೆಕ್ಟರು ತಮ್ಮ ಕಾಲನ್ನೇ ಇಟ್ಟು ತೋರಿಸಿದ್ದರು.

ಊಟ ಬಿಟ್ಟು ಸೀದಾ ಅವರ ಕೋಣೆಗೆ ಹೋದೆ. "ಸರ್, ಶುಕ್ರವಾರ ಪ್ರಾರ್ಥನೆ ಆದ್ಮೇಲೆ ಹಳೇ ವಾರ್ಡಿಗೆ ಹೋಗ್ತೀರಾ?" ಎಂದೆ.

ಅವರು ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ನಕ್ಕರು. "ಯಾರ್ ಹೇಳಿದ್ರು? ಎಲ್ರೂ ಕಾಫಿಗೆ ಹೋದ್ಮೇಲೆ ಹೋಗ್ತೀನಿ. ನನ್ನ ಹತ್ರ ಇರೋ ಬೀಗದ ಕೈಯಲ್ಲಿ ತೆಗೆದು, ಒಳಗಿಂದ ಹಾಕ್ಕೊಂಡು, ಅಮ್ಮನ ಮಂಚದ ಹತ್ರ ಹತ್ತು ನಿಮಿಷ ಕೂತ್ಕೊಂಡು, ಹಿಂದಿನ ಬಾಗಿಲಿಂದ ಹಂಗೇ ಮನೆಗೆ. ಶೂ, ಕಾಲುಚೀಲ ಕೈಯಲ್ಲಿ ಹಿಡ್ಕೊಂಡೇ ಹೋಗೋದಮ್ಮಾ, ಅಲ್ಲಿಗೆ ಶೂ ಹಾಕ್ಕೊಂಡು ಹೋಗೋಕೆ ಮನಸ್ಸು ಬರಲ್ಲ."

"ಹಂಗಾದ್ರೆ ಎಡಗಾಲು ತೋರ್ಸಿ."

ಅವರ ಮುಖ ಬಿಗಿಯಿತು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಅವರಿಗೆ, ಅದೂ ಪಾದದ ಸ್ಪರ್ಶವನ್ನು ತಿಂದುಹಾಕುತ್ತದೆ. ಹೆಂಡತಿ ತೀರಿಹೋಗಿ ಆರು ವರ್ಷವಾಗಿತ್ತು, ಕಾಲು ನೋಡು ಎನ್ನುವವರು ಮನೆಯಲ್ಲಿರಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಕಪ್ಪು ಕಾಲುಚೀಲದಲ್ಲಿ ರಕ್ತ ಕಾಣುವುದೂ ಇಲ್ಲ. "ನಂಗೇ ಕಾಲಿನ ಪಾಠ ಹೇಳ್ತೀಯೇನಮ್ಮಾ? ನಂಗೆ ಎಲ್ಲಾ ಗೊತ್ತಾಗುತ್ತೆ. ಬೇಕಾದ್ರೆ ಪರೀಕ್ಷೆ ಮಾಡು!" ಎಂದು ರೇಗಿ, ಶೂ, ಕಾಲುಚೀಲ ಕಳಚಿ, ಎಡಗಾಲನ್ನು ಬಲಮೊಣಕಾಲಿನ ಮೇಲೆ ಹಾಕಿಕೊಂಡು ಕಣ್ಣು ಮುಚ್ಚಿದರು.

ಹುಣ್ಣು ಒಂದು ರೂಪಾಯಿ ನಾಣ್ಯದಷ್ಟಗಲ ಇತ್ತು. ಪೆನ್ನು ತೆಗೆದುಕೊಂಡೆ. ಕ್ಯಾಂಪುಗಳಲ್ಲಿ ನಾವು ಮಾಡುವ ಪರೀಕ್ಷೆ ಬಹಳ ಸುಲಭ. ಕಣ್ಣು ಮುಚ್ಚಿಸಿ, ಬಾಲ್‌ಪೆನ್ನಿನ ತುದಿಯಿಂದ ಪಾದದ ಹತ್ತು ಕಡೆ ಮೆಲ್ಲಗೆ ಮುಟ್ಟಿ, ಪ್ರತಿ ಸಲ "ಹೂಂ" ಎನ್ನಬೇಕು. ಮುಟ್ಟಿದ ಜಾಗವನ್ನು ಅವರು ಬೆರಳಿಟ್ಟು ತೋರಿಸಬೇಕು. ಹೆಬ್ಬೆರಳು ಮುಟ್ಟಿ "ಹೂಂ" ಎಂದೆ. ಹೆಬ್ಬೆರಳು ತೋರಿಸಿದರು. ನಡುಬೆರಳು ಮುಟ್ಟಿದೆ, ಅದನ್ನೂ ಸರಿಯಾಗಿ ತೋರಿಸಿದರು. ನನಗೆ ಖುಷಿಯಾಯಿತು, ನಿಜ ಹೇಳುತ್ತೇನೆ, ಅಳು ಬರುವಷ್ಟು. ಯಾಕೋ ಮೂರನೆಯ ಸಲ ಹಿಮ್ಮಡಿ ಮುಟ್ಟಿದೆ. ಅವರು ಕಿರುಬೆರಳು ತೋರಿಸಿದರು.

ಪೆನ್ನನ್ನು ಗಾಳಿಯಲ್ಲಿ ಎತ್ತಿ ಹಿಡಿದೆ. "ಹೂಂ," ಎಂದೆ. ಅವರ ಬೆರಳು ಹೆಬ್ಬೆರಳಿನ ಬುಡಕ್ಕೆ ಬಂದು ಹುಣ್ಣಿನ ಅಂಚಿಗೇ ತಗುಲಿತು. "ಹೂಂ." ನಡುಬೆರಳಿನ ಬುಡ. "ಹೂಂ." ಕಿರುಬೆರಳಿನ ಬುಡ. ಮುಖದಲ್ಲಿ ಗೆಲುವಿನ ಸಣ್ಣ ನಗು. ಯಾರೂ ಮುಟ್ಟದ ಕಾಲಿನ ಮೇಲೆ ಆ ಬೆರಳು ಮಾತ್ರ, ಅವರೇ ನನಗೆ ಕಲಿಸಿದ ಕ್ರಮದಲ್ಲಿ, ಒಳ ಅಂಚಿಗೆ, ಹೊರ ಅಂಚಿಗೆ, ಹಿಮ್ಮಡಿಗೆ, ಕೊನೆಗೆ ಪಾದದ ಮೇಲ್ಭಾಗಕ್ಕೆ ನಡೆದು ಹೋಯಿತು. ಕ್ರಮದ ಪ್ರಕಾರ ಹತ್ತೂ ಸರಿ. ಹುಣಸೆಮರದ ಕೆಳಗಿನ ದೊರೆ ಎದ್ದು ಬಂದು ನನ್ನ ಮುಂದೆ ಕೂತಿದ್ದರೂ ನನ್ನ ಮೈ ಅಷ್ಟು ಜುಮ್ಮೆನ್ನುತ್ತಿರಲಿಲ್ಲ.

"ನಾನು ಮುಟ್ಟಲೇ ಇಲ್ಲ ಸರ್," ಎಂದೆ. "ಮೂರು ಸಲ ಆದ್ಮೇಲೆ ಮುಟ್ಟಲೇ ಇಲ್ಲ."

ಅವರು ಕಣ್ಣು ಬಿಟ್ಟರು. "ಸುಳ್ಳು ಹೇಳ್ಬೇಡ. ಗೊತ್ತಾಯ್ತಲ್ಲಮ್ಮಾ ನಂಗೆ! ಎಲ್ಲಾ ಗೊತ್ತಾಯ್ತು."

ಅವರ ಎಡಗಾಲಿನ ಶೂ ಒಳಗೆ ಕೈ ಹಾಕಿದೆ. ಅಟ್ಟೆಯಿಂದ ಎದ್ದಿದ್ದ ಮೊಳೆ ನನ್ನ ಬೆರಳನ್ನು ಕುಯ್ದಿತು. ಶೂವನ್ನು ಅವರ ಕೈಗೆ ಕೊಟ್ಟೆ. ಅವರೂ ಬೆರಳಿಟ್ಟು ನೋಡಿದರು. ಮೊಳೆಯನ್ನು ಮತ್ತೆ ಮತ್ತೆ ಮುಟ್ಟಿದರು. ಕಾಲಿನ ಬಗ್ಗೆ ಏನಾದರೂ ಕೇಳುತ್ತಾರೆ, ಉಳಿಯುತ್ತದೋ ಇಲ್ಲವೋ ಎನ್ನುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಬೇರೆ.

"ಕ್ಯಾಂಪಲ್ಲಿ ನಾನು ಯಾವಾಗ್ಲೂ ಇದೇ ಕ್ರಮದಲ್ಲೇ ಮುಟ್ತಿದ್ದೆ, ಅಲ್ವಾ?"

"ಹೌದು ಸರ್. ನಾನೂ ಹಂಗೇ ಮುಟ್ತೀನಿ."

"ಸಾಲಲ್ಲಿ ನಿಂತಿರೋರು, ಮುಂದಿನೋರು ಎಲ್ಲೆಲ್ಲಿ ತೋರಿಸ್ತಾರೆ ಅಂತ ನೋಡ್ತಾ ಇರ್ತಿದ್ರು."

 ಕ್ರಮ ತಪ್ಪಿಸಿ ಮುಟ್ಟಬೇಕೆಂದು ತರಬೇತಿಯ ಪುಸ್ತಕದಲ್ಲೇ ಇದೆ. ಜನ ಹೆಚ್ಚು, ಹೊತ್ತು ಕಡಿಮೆ, ಕೈಗೆ ಅದೇ ಅಭ್ಯಾಸ. ಎಷ್ಟು ಜನರ ಚೀಟಿಯ ಮೇಲೆ "ಕಾಲು ಚೆನ್ನಾಗಿದೆ" ಎಂದು ನಾವಿಬ್ಬರೂ ಬರೆದುಕೊಟ್ಟಿದ್ದೇವೋ! ಮನೆಗೆ ಹೋದರೆ ಸಾಕೆಂದು ಕೆಲವರು ಬೇಕೆಂದೇ ತೋರಿಸಿರಬಹುದು. ಉಳಿದವರು ಇವರ ಹಾಗೆ ನಿಜವಾಗಿಯೂ ಗೊತ್ತಾಯಿತೆಂದೇ ತಿಳಿದಿರಬಹುದು. ಅವರೆಲ್ಲ ಈಗ ಎಲ್ಲೆಲ್ಲಿ ನಡೆಯುತ್ತಿದ್ದಾರೋ, ಯಾವ ಮೊಳೆಯ ಮೇಲೋ.

ಕೋಲಾರದ ಆಸ್ಪತ್ರೆಯಲ್ಲಿ ಅವರ ಎರಡು ಬೆರಳು ತೆಗೆದರು, ಕಾಲು ಉಳಿಯಿತು. ನಡೆಯಬಾರದೆಂದು ಡಾಕ್ಟರು ಹೇಳಿದ್ದರು. "ನಡೆಯಲ್ಲ, ಗಾಡಿಯಲ್ಲಿ ಕೂತಿರ್ತೀನಿ," ಎಂದು ಹಟ ಹಿಡಿದು, ನಾವು ಚೆನ್ನಾಗಿದೆ ಎಂದವರನ್ನೆಲ್ಲ ಮತ್ತೆ ನೋಡಲು ಹೊರಟರು. ಮೊದಲು ಹೋದದ್ದು ಕ್ಯಾಲನೂರಿಗೆ. ಐದು ವರ್ಷದ ಹಿಂದೆ ನಾನೇ ಚೀಟಿ ಬರೆದುಕೊಟ್ಟಿದ್ದ ಹೆಂಗಸು ಡೈರಿಗೆ ಹಾಲು ಹಾಕಿ ಬರಿಗಾಲಲ್ಲಿ ಬರುತ್ತಿದ್ದಳು. ಆರೋಗ್ಯವಾಗಿದ್ದಳು, ಮಗಳ ಮದುವೆ ಮಾಡಿದ್ದಳು. "ಇನ್ನೊಂದ್ ಸಲಾನಾ ಅಕ್ಕಾ? ಅದಕ್ಕೇನು, ನೋಡ್ರಿ," ಎಂದು ಜಗಲಿಯ ಮೇಲೆ ಕೂತು ಕಾಲು ಮಡಚಿ, ನಾನು ಹೇಳುವ ಮೊದಲೇ ಕಣ್ಣು ಮುಚ್ಚಿದಳು.

ಗಾಡಿಯ ಕಿಟಕಿಯಿಂದ ಸರ್ ಕೂಗಿದರು, "ಕ್ರಮ ಬದಲಾಯಿಸ್ತೀಯಲ್ಲಮ್ಮಾ?"

"ಹೂಂ," ಎಂದೆ. ಪೆನ್ನು ಇನ್ನೂ ನನ್ನ ಚೀಲದಲ್ಲೇ ಇತ್ತು. ಆಕೆ ನಗುತ್ತಾ ತನ್ನ ಹೆಬ್ಬೆರಳಿನ ಮೇಲೆ ಬೆರಳಿಟ್ಟು ತೋರಿಸಿದಳು.