ವಾಯಿದೆ ವಕೀಲರ ಕೊನೆಯ ವಾಯಿದೆ

ಅವರನ್ನು ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕೋರ್ಟಿನ ಎದುರಿನ ಟೈಪಿಸ್ಟ್ ಇಟ್ಟ ಹೆಸರೇ ನಿಂತುಬಿಟ್ಟಿತ್ತು: ವಾಯಿದೆ ವಕೀಲರು. ವಾದಕ್ಕೆ ನಿಂತರೆ ಕಾಲು ನಡುಗುವ ಮನುಷ್ಯ, ವಾಯಿದೆ ಕೇಳಲು ನಿಂತರೆ ಹುಲಿ. ದಾಖಲೆ ಸಿಕ್ಕಿಲ್ಲ, ಸಾಕ್ಷಿಗೆ ಜ್ವರ, ತಮಗೇ ಗಂಟಲು ಕಟ್ಟಿದೆ, ಹೀಗೆ ಏನೋ ಒಂದು ಹೇಳಿ ತಲೆ ಬಾಗಿಸಿ, "ಒಂದು ವಾರ ಕಾಲಾವಕಾಶ ಕೊಡಬೇಕು ಸ್ವಾಮಿ" ಎಂದರೆ ಎಂಥ ಸಿಡುಕಿನ ನ್ಯಾಯಾಧೀಶರೂ ಕರಗುತ್ತಿದ್ದರು.

"ನನ್ನನ್ನ ನೋಡೋಕೆ ಬಂದಾಗಲೂ ಒಂದು ವಾರ ಟೈಮ್ ಕೇಳಿದ್ರು. ಅಪ್ಪ ಅವತ್ತೇ ಎಚ್ಚೆತ್ಕೋಬೇಕಿತ್ತು" ಎಂದು ಹೆಂಡತಿ ಬಂದವರೆದುರೆಲ್ಲ ಆಡಿಕೊಳ್ಳುತ್ತಿದ್ದರು.

ಆದರೆ ಗಿರಣಿ ಸಾಲಿನ ನಲವತ್ತು ಮನೆಗಳು ನಿಂತಿದ್ದುದೇ ಆ ವಾಯಿದೆಗಳ ಮೇಲೆ. ನೂಲಿನ ಗಿರಣಿ ಮುಚ್ಚಿದ ಮೇಲೆ ಜಾಗದ ಮಾಲೀಕರು ಕೆಲಸಗಾರರನ್ನು ಒಕ್ಕಲೆಬ್ಬಿಸಲು ದಾವೆ ಹೂಡಿದ್ದರು. ಗೆಲ್ಲುವ ದಾವೆಯಲ್ಲವೆಂದು ವಕೀಲರಿಗೆ ಮೊದಲ ದಿನವೇ ತಿಳಿದಿತ್ತು. ಸೋಲನ್ನು ಅವರು ಇಪ್ಪತ್ತೆರಡು ವರ್ಷ ಮುಂದೂಡಿದರು. ಸಾಲಿನಲ್ಲಿ ಹುಟ್ಟಿದ ಹೆಣ್ಣುಮಕ್ಕಳು ತಮ್ಮ ಕೂಸುಗಳನ್ನು ಅದೇ ಜಗಲಿಯಲ್ಲಿ ಕೂತು ತಟ್ಟಿ ಮಲಗಿಸುವಷ್ಟು ವರ್ಷ.

ಮೂರನೆಯ ಮನೆಯಲ್ಲಿ ದಾದಿಯಮ್ಮ. ಗಿರಣಿಯ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುತ್ತಿದ್ದವರು. ಉಸಿರಾಡದೆ ಹುಟ್ಟಿದ ವಕೀಲರ ಮಗಳನ್ನು ಬೆನ್ನು ತಟ್ಟಿ ಅಳಿಸಿದವರು. ಪ್ರತಿ ವಿಚಾರಣೆಯ ದಿನವೂ ಕೋರ್ಟಿನ ಕಂಬಕ್ಕೊರಗಿ ಕಾಯುತ್ತಿದ್ದರು.

"ಯಾವತ್ತಿಗೆ ಹಾಕಿದ್ರು ಮಗಾ?"

ವಕೀಲರು ಚೀಟಿಯಲ್ಲಿ ತಾರೀಕು ಬರೆದು ಕೊಡುತ್ತಿದ್ದರು. ಅದು ಮನೆಯ ಬಾಗಿಲ ಹಿಂದಿನ ಮೊಳೆಗೆ ಚುಚ್ಚಿಕೊಳ್ಳುತ್ತಿತ್ತು. ಚೀಟಿಗಳ ಕಟ್ಟು ದಪ್ಪವಾದಷ್ಟೂ ದಾದಿಯಮ್ಮನಿಗೆ ಧೈರ್ಯ.

ಕಡೆಗೂ ಮೇಲಿನ ಕೋರ್ಟು ಕೈಯೆತ್ತಿತು. ಮೂರು ವರ್ಷದೊಳಗೆ ಜಾಗ ಖಾಲಿ ಮಾಡಬೇಕು, ಮತ್ತೆ ವಾಯಿದೆ ಇಲ್ಲ.

"ಇನ್ನು ಹೊಸ ಕಾನೂನು ಬಂದ್ರೆ ಮಾತ್ರ ಉಳಿಗಾಲ" ಎಂದರು ವಕೀಲರು.

"ಹಾಗಾದ್ರೆ ಕಾನೂನು ಮಾಡೋ ಕಡೆ ಹೋಗು" ಎಂದರು ದಾದಿಯಮ್ಮ, ಪಕ್ಕದ ಅಂಗಡಿಗೆ ಹೋಗಿ ಬಾ ಎಂಬಂತೆ.

ಚುನಾವಣೆಗೆ ನಿಂತರು. ಸಾಲಿನವರು ಮನೆಮನೆ ಸುತ್ತಿ ಗೆಲ್ಲಿಸಿದರು. ವಾಯಿದೆ ವಕೀಲರು ಶಾಸಕರಾದರು. ಸದನದಲ್ಲಿ ಕೊನೆಯ ಸಾಲಿನ, ಫ್ಯಾನಿನ ಗಾಳಿ ತಾಗದ ಕುರ್ಚಿ. ಎರಡು ವರ್ಷ ಅಲೆದು, ನಲವತ್ತು ಮನೆಗಳನ್ನು ಉಳಿಸುವ ಮಸೂದೆಯನ್ನು ಒಂದು ಶುಕ್ರವಾರ ಮಧ್ಯಾಹ್ನದ ಪಟ್ಟಿಗೆ ಹತ್ತಿಸಿದರು. ಮೇಲಿನ ಗ್ಯಾಲರಿಯಲ್ಲಿ ದಾದಿಯಮ್ಮ, ಒಗೆದು ಮಡಿಕೆ ಹಾಕಿದ ಸೀರೆಯಲ್ಲಿ.

ಕಾನೂನು ಸಚಿವರು ಕಾಗದ ಮಗುಚಿ, "ಮಾನ್ಯ ಸದಸ್ಯರೇ, ನಿನ್ನೆ ಮೊನ್ನೆ ಬಂದು ಆ ಮನೆಗಳಲ್ಲಿ ಸೇರಿಕೊಂಡವರಿಗೂ ಈ ರಕ್ಷಣೆ ಇದೆಯೇ? ಇದೊಂದಕ್ಕೆ ಉತ್ತರ ಕೊಡಿ. ನಮ್ಮ ವಿರೋಧ ಇಲ್ಲ" ಎಂದರು.

ಉತ್ತರ ಮಸೂದೆಯ ಹನ್ನೆರಡನೆಯ ಪುಟದಲ್ಲಿತ್ತು. ಬರೆದವರು ವಕೀಲರೇ. ಆದರೆ ಎಲ್ಲರೂ ತಿರುಗಿ ನೋಡಿದರು. ಕಾಲು ನಡುಗಿತು. ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು.

"ಒಂದು ವಾರ ಕಾಲಾವಕಾಶ ಕೊಡಬೇಕು ಸ್ವಾಮಿ."

ಆ "ಸ್ವಾಮಿ"ಗೆ ಸದನ ನಕ್ಕಿತು. ಸಭಾಧ್ಯಕ್ಷರೂ ನಗುತ್ತಲೇ, "ಕೊಟ್ಟಿದೆ" ಎಂದರು. ವಕೀಲರಿಗೆ ಹಳೆಯ ನಿರಾಳ. ಬೆವರು ಒರೆಸಿಕೊಂಡು ಹೊರಗೆ ಬಂದು ದಾದಿಯಮ್ಮನಿಗೆ ಎಂದಿನಂತೆ ಚೀಟಿ ಬರೆದುಕೊಟ್ಟರು.

ಸಂಜೆ ಫೋನಿನಲ್ಲಿ ಹೆಂಡತಿಯ ದನಿ ಚೀರಿದಂತಿತ್ತು. "ಸರ್ಕಾರ ಇವತ್ತೋ ನಾಳೆಯೋ ಬೀಳತ್ತೆ ಅಂತ ದಿನಾ ಪೇಪರ್‌ನಲ್ಲಿ ಬರ್ತಿದೆಯಲ್ರೀ! ಸದನಾನೇ ಹೋದ್ರೆ ನಿಮ್ಮ ಮಸೂದೆ ಗತಿ ಏನು?"

ವಕೀಲರಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಆದರೆ ಕಾಲವೆಂಬುದು ಇಪ್ಪತ್ತೆರಡು ವರ್ಷ ಅವರ ಕಡೆಗಿತ್ತು. ಈಗ ಅದು ಎದುರು ಪಕ್ಷಕ್ಕೆ ಸೇರಿದ್ದನ್ನು ಬಾಯಿ ಇನ್ನೂ ಕಲಿತಿರಲಿಲ್ಲ. ಶನಿವಾರ, ಸೋಮವಾರ, ಮಂಗಳವಾರ ಸಭಾಧ್ಯಕ್ಷರ ಕಚೇರಿಯ ಬೆಂಚಿನ ಮೇಲೆ ಕೂತು, ವಾಯಿದೆ ಬೇಡ, ಇವತ್ತೇ ತೆಗೆದುಕೊಳ್ಳಿ ಎಂದು ಗೋಗರೆದರು. ಅಲ್ಲಿನ ಗುಮಾಸ್ತ ತಲೆಯೆತ್ತದೆ, "ನೀವೇ ಕೇಳಿದ್ದಲ್ವಾ ಸಾರ್?" ಎಂದ. ಬುಧವಾರ ಸರ್ಕಾರ ಬಿತ್ತು. ಗುರುವಾರ ಸದನ ವಿಸರ್ಜನೆಯಾಯಿತು, ಮಸೂದೆ ಅದರೊಂದಿಗೆ ಸತ್ತಿತು.

ಮೂರು ವರ್ಷದ ಗಡುವು ಮುಗಿದು, ತೆರವಿನ ದಿನ ಬೆಳಿಗ್ಗೆಯೇ ಪೊಲೀಸರು ಬಂದಿದ್ದರು. ಮೂರನೆಯ ಮನೆಯ ಬಾಗಿಲನ್ನು ಕಿತ್ತು ಗೋಡೆಗೆ ಒರಗಿಸಿದ್ದರು. ಹಿಂಬದಿಯ ಮೊಳೆಯಲ್ಲಿ ಚೀಟಿಗಳ ಕಟ್ಟು ಹಾಗೇ ಇತ್ತು, ಎಲ್ಲಕ್ಕಿಂತ ಮೇಲೆ ಆ ಶುಕ್ರವಾರದ್ದು. ಪಕ್ಕದ ಮನೆಯ ಬಾಣಂತಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಧೂಳಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಯಾವತ್ತಿಗೆ ಮಗಾ?" ದಾದಿಯಮ್ಮ ರೂಢಿಯಿಂದ ಕೇಳಿಬಿಟ್ಟರು.

"ಇನ್ನು ಇಲ್ಲಮ್ಮಾ."

"ಅವತ್ತು ಅವರು ಕೇಳಿದ್ರಲ್ಲ, ಅದಕ್ಕೆ ಉತ್ತರ ಗೊತ್ತಿರಲಿಲ್ವಾ ನಿಂಗೆ?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತಮ್ಮಾ" ಎಂದರು.

ದಾದಿಯಮ್ಮ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ ಎನಿಸಿತು ವಕೀಲರಿಗೆ.

"ಟ್ರಂಕಿನ ಆ ಕಡೆ ಹಿಡಿ. ನಂಗೆ ಸೊಂಟ ಬಗ್ಗಲ್ಲ."

ಇಬ್ಬರೂ ಟ್ರಂಕು ಎತ್ತಿ ರಸ್ತೆಗೆ ಬಂದರು. "ಎಲ್ಲಿಗಮ್ಮಾ?" ಎಂದರು ವಕೀಲರು. ದಾದಿಯಮ್ಮ ರಸ್ತೆಯ ಈ ತುದಿ ನೋಡಿದರು, ಆ ತುದಿ ನೋಡಿದರು. ಹಿಡಿಕೆ ಕೈ ಕೊಯ್ಯುತ್ತಿತ್ತು. ಇಬ್ಬರೂ ಟ್ರಂಕನ್ನು ಕೆಳಗಿಡಲಿಲ್ಲ.